ಹನ್ನೊಂದನೇ ತುಣುಕಿನ ಇಳಿಜಾರು

ಅವಳ ಟೋಪಿಯ ದಾರವನ್ನು ಅವನು ಗದ್ದದ ಕೆಳಗೆ ಗಂಟು ಹಾಕಿಕೊಡುತ್ತಿದ್ದ. ನಾನು ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟೆ.

ಗಾಳಿ ಜೋರಾಗಿತ್ತು, ನಿಜ. ಅವಳ ಎರಡೂ ಕೈಯಲ್ಲಿ ಬಿಸಿಲು ಅಳೆಯುವ ಯಂತ್ರವಿತ್ತು, ಅದೂ ನಿಜ. ಆದರೆ ಒಂದು ಗಂಟು ಹಾಕಲು ಅಷ್ಟು ಹೊತ್ತು ಬೇಕೆ? ಅವಳು ಮುಖ ಎತ್ತಿ ನಗುತ್ತಿದ್ದಳು. ಅವನು ತುಟಿ ಕಚ್ಚಿಕೊಂಡು ಗಂಟಿನ ಮೇಲೇ ಕಣ್ಣಿಟ್ಟಿದ್ದ. ಹಾಗೆ ತುಟಿ ಕಚ್ಚಿದಾಗ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಅದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

"ಏನು ಕತ್ತರಿ, ನೀನೂ ಬಿಸಿಲು ಕಾಯೋಕೆ ಬಂದ್ಯಾ?" ಎಂದ ನನ್ನನ್ನು ನೋಡಿ.

"ಇಲ್ಲಪ್ಪ, ನನಗೆ ಕೆಲಸ ಇದೆ," ಎಂದು ದಡದಡ ಮೆಟ್ಟಿಲಿಳಿದೆ.

ನಮ್ಮ ಪ್ರಾಂತ್ಯದಲ್ಲಿ ಸೌರ ವಿದ್ಯುತ್ ಎಷ್ಟು ತೆಗೆಯಬಹುದು ಎಂದು ಲೆಕ್ಕ ಹಾಕುವುದು ನಮ್ಮ ಆಫೀಸಿನ ಕೆಲಸ. ಬಿಸಿಲೇನೋ ಎಲ್ಲ ಕಡೆಯೂ ಬೀಳುತ್ತದೆ. ಆದರೆ ಕಾಡಿನಲ್ಲಿ, ಕೆರೆಯಲ್ಲಿ, ಊರ ನಡುವೆ, ಬೆಳೆ ತೆಗೆಯುವ ಹೊಲದಲ್ಲಿ ಪ್ಯಾನೆಲ್ ಹಾಕುವಂತಿಲ್ಲ. ಐದು ಡಿಗ್ರಿಗಿಂತ ಹೆಚ್ಚು ಇಳಿಜಾರಿದ್ದರೂ ಬೇಡ. ಅಂಥ ಜಾಗವನ್ನೆಲ್ಲ ಕಂಪ್ಯೂಟರಿನ ನಕ್ಷೆಯಿಂದ ಕತ್ತರಿಸಿ ತೆಗೆಯುವವಳು ನಾನು; ಅದಕ್ಕೇ ಅವನ ಬಾಯಲ್ಲಿ ನಾನು ಕತ್ತರಿ. ಉಳಿದ ನೆಲಕ್ಕೆ ಬಿಸಿಲಿನ ಲೆಕ್ಕ ಸೇರಿಸಿದರೆ ಎಷ್ಟು ಮೆಗಾವ್ಯಾಟ್ ಸಾಧ್ಯ ಎಂಬ ಉತ್ತರ ಬರುತ್ತದೆ.

ಅವನು ಸರ್ವೇಯರ್. ನಾನು ಉಳಿಸಿದ ಜಾಗಕ್ಕೆಲ್ಲ ನಡೆದು ಹೋಗಿ, ಇಳಿಜಾರು ಅಳೆದು ಬರುತ್ತಾನೆ. ನಾಲ್ಕು ವರ್ಷದಿಂದ ಸಂಜೆಯಾದರೆ ಧೂಳು ಹಿಡಿದ ಬೂಟಿನಲ್ಲೇ ಬಂದು ನನ್ನ ಮೇಜಿನ ಮೂಲೆಯಲ್ಲಿ ಕೂತು, "ಕತ್ತರಿ, ಇದನ್ನೊಂದು ಸಲ ಚೆಕ್ ಮಾಡು," ಅನ್ನುತ್ತಾನೆ. ಆ ಒಂದು ಮಾತಿಗೆ ನಾನು ಇಡೀ ದಿನ ಕಾಯುತ್ತೇನೆ. ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ.

ಟೋಪಿಯವಳು ಬಂದು ಒಂದು ತಿಂಗಳಾಗಿತ್ತು. ಮೋಡ, ಧೂಳು ಎಷ್ಟು ಬಿಸಿಲನ್ನು ನುಂಗುತ್ತವೆ ಎಂದು ಹೇಳುವ ಹವಾಮಾನ ತಜ್ಞೆ. ಮೋಡದಮ್ಮ ಎಂಬುದು ನಾನಿಟ್ಟ ಹೆಸರು. ಅವಳು ಬಂದ ಮೇಲೆ ಅವನು ನನ್ನ ಮೇಜಿಗೆ ಬರುವುದೇ ಅಪರೂಪವಾಯಿತು. ಈಗ ಯಂತ್ರಗಳನ್ನು ನೆಡಲು ಇಬ್ಬರೂ ಮೂರು ದಿನ ಪೂರ್ವದ ಪ್ರಸ್ಥಭೂಮಿಗೆ ಹೊರಟಿದ್ದರು.

"ಮುಖ ಯಾಕೆ ಊದಿಸ್ಕೊಂಡಿದ್ದೀಯಾ?" ಎಂದಳು ಅಕ್ಕ, ಸಂಜೆ ಒಣಗಿದ ಬಟ್ಟೆ ಮಡಚುತ್ತ.

"ಅವಳ ಜೊತೆ ಮೂರು ದಿನ ಹೋಗ್ತಾನಂತೆ."

"ಹೋದ್ರೆ ನಿನಗೇನು? ಅವನೇನು ನಿನ್ನ ಗಂಡನಾ?"

"ಅಲ್ಲ."

"ಹಾಗಾದ್ರೆ ಇಷ್ಟ ಅಂತ ಹೇಳು."

"ಅವನೇ ಹೇಳಲಿ."

"ಆಯ್ತಮ್ಮ, ನೀನು ಮಹಾರಾಣಿ ಥರ ಕೂತಿರು. ಅವಳು ಎತ್ತಾಕ್ಕೊಂಡು ಹೋಗ್ತಾಳೆ," ಎಂದು ನನ್ನ ಅಂಗಿಯನ್ನು ನನ್ನ ಮುಖಕ್ಕೇ ಎಸೆದಳು.

ಮೈಯೆಲ್ಲ ಉರಿದುಹೋಯಿತು.

ನಮ್ಮ ನಕ್ಷೆ ಇಪ್ಪತ್ತು ತುಣುಕುಗಳಲ್ಲಿದೆ. ಪ್ರಸ್ಥಭೂಮಿ ಹನ್ನೊಂದನೆಯದು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅದೊಂದು ತುಣುಕಿಗೆ ಮಾತ್ರ ಇಳಿಜಾರಿನ ಮಿತಿಯನ್ನು ಐದರಿಂದ ಎರಡಕ್ಕೆ ಇಳಿಸಿದೆ. ಹಸಿರಾಗಿದ್ದ ಪ್ರಸ್ಥಭೂಮಿ ನಿಮಿಷದಲ್ಲಿ ಬೂದುಬಣ್ಣವಾಯಿತು. ಪ್ಯಾನೆಲ್ ಹಾಕಲಾಗದ ಜಾಗದಲ್ಲಿ ಯಂತ್ರ ನೆಟ್ಟು ಏನು ಪ್ರಯೋಜನ? ಮಧ್ಯಾಹ್ನದ ಹೊತ್ತಿಗೆ ಪ್ರಯಾಣ ರದ್ದಾಯಿತು. ನನಗೆಷ್ಟು ಖುಷಿಯಾಯಿತೆಂದರೆ, ಮೋಡದಮ್ಮನಿಗೆ ನಾನೇ ಚಹಾ ತಂದುಕೊಟ್ಟೆ.

ಖುಷಿ ಒಂದು ದಿನವೂ ಬಾಳಲಿಲ್ಲ. ಮಾರನೇ ದಿನ ಮುಖ್ಯಸ್ಥರು ಅವನನ್ನು ಎಲ್ಲರೆದುರಿಗೇ ನಿಲ್ಲಿಸಿಕೊಂಡರು.

"ಹೊಸ ನಕ್ಷೆ ಪ್ರಕಾರ ಅಲ್ಲಿ ಐದಕ್ಕಿಂತ ಹೆಚ್ಚು ಇಳಿಜಾರಿದೆ. ನೀವು ಮೂರೂವರೆ ಅಂತ ಬರ್ಕೊಂಡು ಬಂದಿದ್ದೀರಿ. ಅಲ್ಲಿಗೆ ಹೋಗಿದ್ರೋ, ಇಲ್ಲೇ ಕೂತು ಬರೆದ್ರೋ?"

"ಹೋಗಿದ್ದೆ ಸರ್."

"ಆರು ಸಾವಿರ ಮೆಗಾವ್ಯಾಟ್ ಇದ್ದದ್ದು ನಾಲ್ಕು ಸಾವಿರದ ಏಳುನೂರಕ್ಕೆ ಬಂದಿದೆ. ಶುಕ್ರವಾರ ವರದಿ ಹೋಗುತ್ತೆ. ಅದರಲ್ಲಿ ನಿಮ್ಮ ಹೆಸರೂ ಇರಲ್ಲ, ನಿಮ್ಮ ನಾಲ್ಕು ವರ್ಷದ ಅಳತೆಗಳೂ ಇರಲ್ಲ."

ಆ ಸಂಜೆ ಎಷ್ಟೋ ದಿನಗಳ ನಂತರ ಅವನು ನನ್ನ ಮೇಜಿಗೆ ಬಂದ. ತನ್ನ ನೋಟ್‌ಬುಕ್ಕುಗಳನ್ನೆಲ್ಲ ನನ್ನ ಮುಂದೆ ಪೇರಿಸಿದ.

"ಕತ್ತರಿ, ಇದನ್ನೊಂದು ಸಲ ಚೆಕ್ ಮಾಡು. ಎಲ್ಲಿ ತಪ್ಪಿದ್ದೀನೋ ಗೊತ್ತಾಗ್ತಿಲ್ಲ."

"ನಕ್ಷೆಯೇ ತಪ್ಪಿರಬಹುದಲ್ಲ?" ಎಂದೆ.

"ನಕ್ಷೆ ಮಾಡಿದವಳು ನೀನು. ನೀನು ತಪ್ಪು ಮಾಡಲ್ಲ."

ಅವನ ಕಣ್ಣು ಕೆಂಪಾಗಿತ್ತು. ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು. ಆದರೂ ಬಾಯಿ ಬರಲಿಲ್ಲ. ಹೇಳಿದರೆ ಕೆಲಸ ಹೋದೀತು ಎಂಬುದು ದೊಡ್ಡದಲ್ಲ. ಇವನು ಇನ್ನೆಂದೂ ನನ್ನ ಮುಖ ನೋಡುವುದಿಲ್ಲವಲ್ಲ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಶುಕ್ರವಾರದ ಮೀಟಿಂಗಿನಲ್ಲಿ ಎದ್ದು ನಿಂತೆ. "ಇವರ ಅಳತೆ ಸರಿಯಾಗಿದೆ ಸರ್. ಹನ್ನೊಂದನೇ ತುಣುಕಿನಲ್ಲಿ ಮಿತಿ ಎರಡಕ್ಕೆ ಇಳಿಸಿದವಳು ನಾನು."

"ಯಾಕೆ?"

ಬೆರಳು ಜಾರಿತು ಅನ್ನಬಹುದಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಎಲ್ಲರೂ ನಂಬುತ್ತಿದ್ದರು.

"ಹೊಟ್ಟೆಕಿಚ್ಚಿಗೆ," ಎಂದೆ. "ಇವರಿಬ್ಬರೂ ಜೊತೆಗೆ ಹೋಗೋದು ನನ್ನಿಂದ ನೋಡೋಕಾಗ್ಲಿಲ್ಲ. ನನಗೆ ಇವರು ಇಷ್ಟ."

ಅವನು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಎತ್ತಿಕೊಂಡು, ನನ್ನ ಕಡೆ ನೋಡದೆ ಹೊರಗೆ ಹೋದ.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ವರದಿ ಒಂದು ವಾರ ಮುಂದಕ್ಕೆ ಹೋಗುತ್ತೆ. ಅದರಲ್ಲಿ ನಿನ್ನ ಹೆಸರು ಇರಲ್ಲ. ಯಾರಿಗೂ ಸಂಶಯ ಉಳೀಬಾರದು, ಪ್ರಸ್ಥಭೂಮಿಯ ನಲವತ್ತು ಜಾಗಾನೂ ಮತ್ತೆ ಅಳೀಬೇಕು. ಅವರಿಬ್ಬರೇ ಹೋಗ್ತಾರೆ. ಮೂರು ದಿನ ಅಲ್ಲ, ಐದು ದಿನ. ನೀನು ಇಲ್ಲಿ ಫೋನಿನ ಮುಂದೆ ಕೂತು ಅವರು ಹೇಳಿದ್ದನ್ನು ಬರ್ಕೊ."

ಮಾಡಿದ್ದುಣ್ಣೋ ಮಹಾರಾಯ ಅಂದರೆ ಇದೇ ಇರಬೇಕು.

ಹೊರಡುವ ಮುಂಚೆ ಮೋಡದಮ್ಮ ನನ್ನ ಮೇಜಿನ ಹತ್ತಿರ ನಿಂತಳು. "ಅವತ್ತು ಚಹಾ ಕೊಟ್ರಲ್ಲ, ಆಗಲೇ ಏನೋ ಇದೆ ಅನ್ನಿಸ್ತು," ಎಂದಳು. ನಗಲಿಲ್ಲ. ಅವಳ ಕೆಲಸವನ್ನೂ ನಾನು ಕೆಡಿಸಿದ್ದೆ. ಕ್ಷಮಿಸಿ ಎಂದೆ.

ಮೊದಲ ದಿನ ಫೋನಿನಲ್ಲಿ ಬರೀ ಅಂಕಿ. "ಒಂದನೇ ಜಾಗ, ಮೂರೂವರೆ." ಟಕ್ ಎಂದು ಇಟ್ಟುಬಿಡುತ್ತಿದ್ದ. ಎರಡನೇ ದಿನವೂ ಹಾಗೆಯೇ. ಮೂರನೇ ದಿನ ಅವಳ ನಗು ಹಿಂದೆ ಕೇಳಿಸಿತು, ಅವನ ನಗುವೂ ಕೇಳಿಸಿತು. ಪೆನ್ನು ಕಚ್ಚಿ ಕಚ್ಚಿ ಪುಡಿ ಮಾಡಿದೆ. ನಾಲ್ಕನೇ ದಿನ ಮಧ್ಯಾಹ್ನ ಮೂವತ್ತೆಂಟನೇ ಜಾಗದ ಅಂಕಿ ಹೇಳಿದ ಮೇಲೂ ಫೋನ್ ಇಡಲಿಲ್ಲ.

"ಇದ್ದೀಯಾ?" ಎಂದ.

"ಇದ್ದೀನಿ."

"ನನಗಿನ್ನೂ ಕೋಪ ಇದೆ. ಎರಡು ದಿನ ಪೂರ್ತಿ ನಾನು ಕಳ್ಳ ಅನ್ನಿಸ್ಕೊಂಡೆ."

"ಗೊತ್ತು."

"ಬೆರಳು ಜಾರ್ತು ಅಂದಿದ್ರೆ ನಾನು ನಂಬ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಕೇಳಲೋ ಬೇಡವೋ ಎನ್ನುತ್ತಲೇ ಕೇಳಿಬಿಟ್ಟೆ. "ನನ್ನ ಮೇಜಿಗೆ ಬರೋದು ಯಾಕೆ ಬಿಟ್ಟೆ?"

"ಅವಳು ಬಂದಾಗಿಂದ ನೀನು ಮುಖ ಗಂಟು ಹಾಕ್ಕೊಂಡೇ ಇರ್ತಿದ್ದೆ. ಹತ್ರ ಬರೋಕೆ ಭಯ ಆಗ್ತಿತ್ತು ಮಾರಾಯ್ತಿ."

ಹಿಂದೆ ಮೋಡದಮ್ಮ ಕಿಲಕಿಲ ನಕ್ಕಳು.

"ಅವಳು ಯಾಕೆ ನಗ್ತಿದ್ದಾಳೆ?"

"ನಿನಗೆ ಹೇಳಬೇಕಾದ ಒಂದು ಮಾತನ್ನ ನಿನ್ನೆಯಿಂದ ಅವಳ ಹತ್ರ ಹೇಳಿ ಹೇಳಿ ಅಭ್ಯಾಸ ಮಾಡ್ತಿದ್ದೀನಿ."

"ಅಂದ್ರೆ ಅವಳಿಗೆ ಮೊದಲು ಹೇಳಿದ್ಯಾ?"

"ಅಯ್ಯೋ ದೇವರೇ!" ಎಂದ.

"ಇನ್ನೆರಡೇ ಜಾಗ ತಾನೆ? ಅವಳೇ ಅಳೀಲಿ. ನೀನು ಈಗಲೇ ಹೊರಟು ಬಾ."

"ಇಲ್ಲ. ಎರಡನ್ನೂ ನಾನೇ ಅಳೀತೀನಿ. ಇನ್ನೊಂದು ಸಲ ನನ್ನ ಅಳತೆ ಬಗ್ಗೆ ಯಾರೂ ಬಾಯಿ ತೆಗೀಬಾರದು. ನೀನೂ ಅಷ್ಟೇ. ಕಾಯ್ತೀಯಾ?"

ಹೊಟ್ಟೆ ಉರಿಯುತ್ತಲೇ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ಪೆನ್ನು ಎತ್ತಿದೆ.

"ಕಾಯ್ತೀನಿ. ಮೂವತ್ತೊಂಬತ್ತು ಅಳೆದು ಹೇಳು."

ಕಲ್ಲುಗಳ ಮೇಲೆ ಅವನ ಬೂಟಿನ ಸದ್ದು ಕೇಳಿಸುತ್ತಿತ್ತು. ಬಹಳ ಹೊತ್ತು ನಡೆದ. ನಾನು ಕಿವಿಯಿಂದ ಫೋನ್ ತೆಗೆಯಲಿಲ್ಲ.

"ಮೂರೂಕಾಲು," ಎಂದ. ಆಮೇಲೆ ಅದೇ ಧ್ವನಿಯಲ್ಲಿ, "ನನಗೂ ನೀನು ಇಷ್ಟ."

ಎರಡನ್ನೂ ಬರೆದುಕೊಂಡೆ.