ಅವಳ ಕಡೆಯವರು ಬಾಗಿಲು ತಟ್ಟಿದಾಗ

"ಒಡೆಸಾ, ಒಂದು ಮಾತು ಕೊಡು. ಈ ಮನೆಗೆ ಬರೋ ಮಕ್ಕಳನ್ನ ನಿನ್ನ ಹೊಟ್ಟೇಲಿ ಹುಟ್ಟಿದೋರ ಹಾಗೇ ಸಾಕು. ಆದ್ರೆ ಅವರ ಕಡೆಯವರು ಬಂದು ಬಾಗಿಲು ತಟ್ಟಿದ ದಿನ ಅಡ್ಡ ನಿಲ್ಲಬೇಡ."

ಸಾಯುವ ಮುಂಚೆ ಅಮ್ಮ ಕೇಳಿದ್ದು ಇಷ್ಟೇ. ಮೆಂಫಿಸ್‌ನ ಆ ಓಣಿಯಲ್ಲಿ ಮಕ್ಕಳ ಕಲ್ಯಾಣ ಇಲಾಖೆಯವರು ತಂದುಬಿಟ್ಟ ಎಷ್ಟೋ ಮಕ್ಕಳನ್ನು ಅಮ್ಮ ಸಾಕಿದ್ದಳು.

"ಆಗಲಿ ಅಮ್ಮಾ," ಎಂದಿದ್ದಳು ಆಗಿನ್ನೂ ಹುಡುಗಿಯಾಗಿದ್ದ ಒಡೆಸಾ. ಎಷ್ಟು ಸುಲಭದ ಮಾತಾಗಿತ್ತು ಅದು!

ವರ್ಷಗಳು ಕಳೆದವು. ಒಂದು ಭಾನುವಾರ ಚರ್ಚಿನಿಂದ ಬಂದು ಇನ್ನೂ ಹ್ಯಾಟು ತೆಗೆದಿರಲಿಲ್ಲ, ಯಾರೋ ಬಾಗಿಲು ತಟ್ಟಿದರು.

ಎತ್ತರದ ಆಳು. ಮಿಸಿಸಿಪ್ಪಿ ನದಿಯ ಸರಕು ದೋಣಿಗಳಲ್ಲಿ ಹಗ್ಗ ಎಳೆದು ಒರಟಾದ ಕೈ. ಭುಜಕ್ಕೊಂದು ಚೀಲ.

"ನಾನು ಲಮಾಂಟ್. ರೋಷೆಲ್ ಅಣ್ಣ. ಜನೆಲ್‌ನ ನೋಡ್ಬೇಕು."

ಒಡೆಸಾಳ ಲಂಗ ಹಿಡಿದು ಐದು ವರ್ಷದ ಜನೆಲ್ ಇಣುಕಿದಳು. ತಾಯಿ ರೋಷೆಲ್ ತೀರಿಕೊಂಡ ಮೇಲೆ ಇಲ್ಲಿಗೆ ಬಂದ ಮಗು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

ಲಮಾಂಟ್ ಮೊಣಕಾಲೂರಿ ಕುಳಿತು ಅವಳ ತಲೆ ಸವರಿದ. ಅವನ ಮುಖ ಬಿಗಿದುಕೊಂಡಿತು.

"ಇವಳ ಹಳೇ ಜಡೆಗಳೆಲ್ಲಿ?"

"ಅಯ್ಯೋ, ಅವಾ? ಎಲ್ಲಾ ಸಡಿಲಾಗಿ ಕೆದರಿಹೋಗಿತ್ತು. ಹಾಗೇ ಚರ್ಚಿಗೆ ಕರ್ಕೊಂಡ್ ಹೋಗಕ್ಕಾಗತ್ತಾ? ನಿನ್ನೆ ಬಿಚ್ಚಿ, ಎಣ್ಣೆ ಹಚ್ಚಿ, ಹೊಸದಾಗಿ ಹೆಣೆದೆ. ತುಂಬಾ ಅತ್ತಳು... ತಲೆ ನೋಯ್ತು ಅನ್ಸತ್ತೆ."

"ತಲೆನೋವಲ್ಲ ಮೇಡಂ. ನನ್ನ ತಂಗಿ ಆಸ್ಪತ್ರೆ ಹಾಸಿಗೆ ಮೇಲೆ ಎದ್ದು ಕೂತು ಹೆಣೆದ ಜಡೆ ಅದು. ಕೊನೇ ಸಲ."

ಒಡೆಸಾ ತಾನು ಹೆಣೆದ ಹೊಸ ಜಡೆಗಳತ್ತ ನೋಡಿದಳು.

ಶನಿವಾರ ಸಂಜೆ ಮಕ್ಕಳ ತಲೆ ಹೆಣೆಯದ ಮನೆ ಆ ಓಣಿಯಲ್ಲಿ ಇರಲಿಲ್ಲ. ಕೆದರಿದ ತಲೆಯ ಮಗು ಚರ್ಚಿಗೆ ಬಂದರೆ ಮರ್ಯಾದೆ ಹೋಗುವುದು ಸಾಕಿದವಳದು. ಹಾಗಂತ... ಆ ಕೂಸಿನ ತಲೆಯ ಮೇಲೆ ಉಳಿದಿದ್ದ ತಾಯಿಯ ಕೈಗೆಲಸವನ್ನು ನಾನೇ ಬಿಚ್ಚಿಹಾಕಿಬಿಟ್ಟೆನಲ್ಲ!

"ನನಗೆ ಗೊತ್ತಿರಲಿಲ್ಲ..."

"ಕೇಳಿದ್ರೆ ತಾನೆ ಗೊತ್ತಾಗೋದು?"

ಅಂದಿನಿಂದ ಒಡೆಸಾ ಕೇಳತೊಡಗಿದಳು.

ದೋಣಿ ದಡ ಸೇರಿದಾಗಲೆಲ್ಲ ಲಮಾಂಟ್ ಬರುತ್ತಿದ್ದ. ಮೊದಲು ಹೊರಗಿನ ಮೆಟ್ಟಿಲ ಮೇಲೇ ಕುಳಿತು ಹೋಗುತ್ತಿದ್ದ. ರೋಷೆಲ್ ಏನು ಅಡುಗೆ ಮಾಡುತ್ತಿದ್ದಳು, ಮಗುವನ್ನು ಹೇಗೆ ಮಲಗಿಸುತ್ತಿದ್ದಳು... ಒಡೆಸಾ ಕೇಳಿದಳು, ಅವನು ಹೇಳಿದ. ಹೇಳುತ್ತ ಹೇಳುತ್ತ ಅಡುಗೆಮನೆಯವರೆಗೂ ಬಂದ. ತಂಗಿ ಮಾಡುತ್ತಿದ್ದ ಹಾಗೆ ಮೆಕ್ಕೆಜೋಳದ ಬ್ರೆಡ್ ಮಾಡಲು ಹೋಗಿ ಬಾಣಲೆ ತುಂಬ ಹೊಗೆ ಎಬ್ಬಿಸಿದ.

"ಮಾವಾ, ಸೀದೋಯ್ತು!"

ಜನೆಲ್! ಮಾತಾಡಿದ್ದು ಜನೆಲ್!

ಇಬ್ಬರೂ ಮುಖ ಮುಖ ನೋಡಿಕೊಂಡರು. ಲಮಾಂಟ್ ನಗಲು ಹೋಗಿ ಅತ್ತುಬಿಟ್ಟ.

'ಈ ಮನುಷ್ಯ ಹೊರಟರೆ ಮನೆ ಯಾಕೆ ಇಷ್ಟು ಖಾಲಿ ಅನ್ನಿಸುತ್ತದೆ?' ಎಂದುಕೊಂಡಳು ಒಡೆಸಾ.

ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಸಾಕುಮಕ್ಕಳ ಮನೆಯವರು ಸೇರುತ್ತಿದ್ದರು. ಒಬ್ಬರ ಮಗುವಿನ ಕೋಟು ಇನ್ನೊಬ್ಬರಿಗೆ, ಒಬ್ಬರ ಅಳು ಎಲ್ಲರಿಗೂ. ಕೂಟದ ಹಿರಿಯಳು ಅರ್ಲೀನ್, ಚರ್ಚಿನವರೆಲ್ಲರ ಬಾಯಲ್ಲಿ ಸಿಸ್ಟರ್ ಅರ್ಲೀನ್.

"ಏನೇ ಒಡೆಸಾ, ತಂಗಿ ಮಗಳನ್ನ ನೋಡೋಕೆ ಬರೋನಿಗೆ ಇಸ್ತ್ರಿ ಶರ್ಟು, ಸೆಂಟು ಎಲ್ಲಾ ಯಾಕೆ ಬೇಕಂತೆ?"

"ಸುಮ್ನಿರಿ ಸಿಸ್ಟರ್!"

"ನಾನು ಸುಮ್ನಿರ್ತೀನಿ ಕಣೆ, ನಿನ್ನ ಮುಖ ಸುಮ್ನಿರಲ್ಲ." ಅರ್ಲೀನ್ ದನಿ ತಗ್ಗಿಸಿದಳು. "ನೋಡು, ನಮ್ಮ ಕಪ್ಪು ಮಕ್ಕಳು ಇಲಾಖೇಲಿ ಕಾಯ್ತಾ ಕಾಯ್ತಾನೇ ದೊಡ್ಡೋರಾಗ್ಬಿಡ್ತಾರೆ. ಇವಳನ್ನ ನೀನೇ ದತ್ತು ತಗೋ. ನಾವೆಲ್ಲ ಇದೀವಿ."

ಒಡೆಸಾಳಿಗೂ ಅದೇ ಆಸೆ. ಪ್ರಾಣ ಹೋಗುವಷ್ಟು ಆಸೆ!

ಅದೇ ವಾರ ಒಂದು ಬೆಳಗ್ಗೆ ಇಲಾಖೆಯ ಹೆಂಗಸು ಬಂದು ಇಬ್ಬರೆದುರೇ ಹೇಳಿದಳು: "ಲಮಾಂಟ್, ನೀವು ತಿಂಗಳುಗಟ್ಟಲೆ ನೀರ ಮೇಲಿರ್ತೀರಿ. ಮನೇಲಿ ಹೆಂಡತಿ ಅಂತ ಒಬ್ಬರಿದ್ದಿದ್ರೆ ಕೋರ್ಟು ಮಗೂನ ನಿಮಗೇ ಕೊಡ್ತಿತ್ತು."

ಸಂಜೆ ಪಾತ್ರೆ ಒರೆಸುತ್ತ ಲಮಾಂಟ್ ಮೆಲ್ಲಗೆ ಕೇಳಿದ.

"ಒಡೆಸಾ... ನನ್ನ ಮದುವೆ ಆಗ್ತೀಯಾ?"

ಅವಳ ಎದೆ ಒಮ್ಮೆ ಹಾರಿತು. ಮರುಕ್ಷಣವೇ ಕುಸಿಯಿತು.

"ಬೆಳಗ್ಗೆ ಇಲಾಖೆಯೋರು ಹೇಳಿದ್ರು, ಸಂಜೆ ನೀವು ಕೇಳ್ತಿದೀರಾ. ಅಲ್ವಾ?"

"ಅಲ್ಲ, ಕೇಳು—"

"ಮಗು ನೋಡ್ಕೊಳ್ಳೋಕೆ ಆಳು ಬೇಕಿದ್ರೆ ನೇರವಾಗಿ ಕೇಳಬಹುದಿತ್ತು!"

ಲಮಾಂಟ್ ಚೀಲ ಎತ್ತಿಕೊಂಡ. ಬಾಗಿಲು ಮುಚ್ಚಿತು. 'ಅಲ್ಲ ಅಂತ ಇನ್ನೊಂದು ಸಲ ಹೇಳಬಾರದಿತ್ತಾ...' ನಲ್ಲಿ ತಿರುಗಿಸಿಟ್ಟು, ಅದರ ಸದ್ದಿನಲ್ಲಿ ಒಡೆಸಾ ಅತ್ತಳು.

ಮತ್ತೆ ಅವನನ್ನು ಕಂಡದ್ದು, ಜನೆಲ್ ಯಾರ ಬಳಿ ಇರಬೇಕೆಂದು ತೀರ್ಮಾನವಾಗುವ ದಿನ, ಕೋರ್ಟಿನಲ್ಲೇ. ಸೊರಗಿದ್ದ. ಜಗಳವೇ ಆಗುತ್ತದೆಂದು ಅರ್ಲೀನ್ ಕೂಟದವರನ್ನೆಲ್ಲ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದಳು.

ಲಮಾಂಟ್ ಎದ್ದು ನಿಂತ.

"ದೋಣಿ ಕೆಲಸ ಬಿಟ್ಟೆ ಮೇಡಂ. ಇಲ್ಲೇ ಗೋದಾಮು ಸೇರಿದೀನಿ. ಆದ್ರೆ ಮಗು ಮತ್ತೆ ಮಾತಾಡಿದ್ದು ಮಿಸ್ ಒಡೆಸಾ ಮನೇಲಿ. ಅವರೇ ದತ್ತು ತಗೊಳ್ಳಲಿ. ನನಗೆ ನೋಡೋಕೆ ಬಿಟ್ರೆ ಸಾಕು."

ನ್ಯಾಯಾಧೀಶೆ ಒಡೆಸಾಳ ಕಡೆ ತಿರುಗಿದರು. "ನಿಮಗೆ ಒಪ್ಪಿಗೆಯೇನಮ್ಮಾ?"

ಜನೆಲ್ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮುಷ್ಟಿಯಲ್ಲಿ ಒಡೆಸಾಳ ಅಂಗಿಯ ತುದಿ. ಹೂಂ ಅಂದರೆ ಸಾಕು. ಒಂದೇ ಒಂದು ಹೂಂ...

ಈ ಮನುಷ್ಯ ಮಗುವಿಗಾಗಿ ನದಿ ಬಿಟ್ಟ. ಅದೇ ಮಗುವನ್ನು ನನಗಾಗಿ ಬಿಡಲು ಬಂದಿದ್ದಾನೆ. ಅವನನ್ನು ಏನೆಂದುಕೊಂಡುಬಿಟ್ಟೆ ನಾನು!

"ಇವಳಿಗೆ ಇವಳ ಕಡೆಯವರು ಇದ್ದಾರಮ್ಮ," ಎಂದಳು ಒಡೆಸಾ. "ಈಗ ಊರಲ್ಲೇ ಇದ್ದಾರೆ. ಅವರಿಗೇ ಕೊಡಿ."

ಅರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

ನ್ಯಾಯಾಧೀಶೆ ಒಪ್ಪಿ ಸಹಿ ಹಾಕಿದರು. ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಡೆಸಾ ತಾನೇ ಮಗುವನ್ನು ಅವನ ಹೆಗಲಿಗೆ ಹಾಕಿದಳು.

ಹೊರಗಿನ ಪಡಸಾಲೆಯಲ್ಲಿ ಲಮಾಂಟ್ ಅವಳನ್ನು ತಡೆದ.

"ಯಾಕೆ ಹೀಗ್ ಮಾಡಿದೆ? ನಿನಗೇ ಬಿಡೋಣ ಅಂತ ಬಂದಿದ್ದೆ ನಾನು."

"ಗೊತ್ತು."

"ಈಗ ಮಗು ನನ್ನ ಹತ್ರ ಇದೆ. ಹೆಂಡ್ತಿ ಇಲ್ಲದೇನೇ ಸಿಕ್ಕಿದೆ. ಈಗ ಕೇಳಿದ್ರಾದ್ರೂ ನಂಬ್ತೀಯಾ, ಒಡೆಸಾ? ನನಗೆ ನೀನು ಬೇಕು... ಬರೀ ನೀನು."

ಅವಳ ಕಣ್ಣು ತುಂಬಿ ಹರಿಯಿತು.

"ಇವತ್ತು ಕೇಳಬೇಡ ಲಮಾಂಟ್. ಇವತ್ತು ಹೂಂ ಅಂದ್ರೆ ಮಗುಗೋಸ್ಕರ ಅಂದೆ ಅಂತ ನಾಳೆ ನಿನಗೇ ಅನ್ಸತ್ತೆ."

"ಮತ್ತೆ ಯಾವಾಗ?"

"ಈ ನೋವು ಸ್ವಲ್ಪ ಇಳೀಲಿ. ಒಂದು ಭಾನುವಾರ ಊಟಕ್ಕೆ ಬಾ. ಅವಳನ್ನೂ ಕರ್ಕೊಂಡು ಬಾ."

"ಆವಾಗ ಏನಂತೀಯಾ?"

"ಕೇಳಿ ನೋಡು," ಎಂದು ಅಳುವಿನಲ್ಲೇ ನಕ್ಕಳು. "ಇಲ್ಲ ಅನ್ನಲ್ಲ."

ಮಲಗಿದ್ದ ಮಗುವಿನ ಕಾಲಿಗೆ ಶೂ ಸರಿಯಾಗಿ ಹಾಕಿ, ಒಡೆಸಾ ಒಬ್ಬಳೇ ಬಸ್ಸು ಹತ್ತಿದಳು.

ಅಮ್ಮನಿಗೆ ಕೊಟ್ಟ ಮಾತು ಉಳಿಯಿತು.