ಬಿಸ್ಕೀಟು ಡಬ್ಬಿಯಲ್ಲಿದ್ದ ಕೂದಲು

ದೀಪಾಲಿ ತಂದಿಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಉದ್ದ ಕೂದಲಿತ್ತು. ಕೇದಾರನಾಥರು ಚಹಾದ ಕಪ್ಪನ್ನು ಸರ್ರನೆ ಪಕ್ಕಕ್ಕೆ ಸರಿಸಿಕೊಂಡರು. ತಮ್ಮಯ್ಯನವರು ಮಾತ್ರ ಚೀಲಕ್ಕೆ ಕೈ ಹಾಕಿ, ಒಂದೆಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ನನ್ನ ನೆಗೆಣ್ಣಿ ಎಣ್ಣ್ಯಾಗ ಏನೋ ಕೂಡಿಸ್ಯಾಳ ಕಾಕಾ," ಅಂದಳು ದೀಪಾಲಿ. "ನರಕ ಚತುರ್ದಶಿ ದಿನ ಹಚ್ಚಿದ್ಲು. ನಾಕ ದಿನಕ್ಕ ಬಾತ್‌ರೂಮ್ ತುಂಬ ಇದ ಬಿದ್ದಿತ್ತು."

ಪ್ರತಾಪ ನಗರದ ಕನ್ನಡದ ಮನೆಗಳಲ್ಲಿ ಏನು ಕಳೆದರೂ, ಯಾರು ಮುನಿದರೂ ಜನ ತಮ್ಮಯ್ಯನವರ ಬಾಗಿಲಿಗೇ ಬರುತ್ತಿದ್ದರು. ಮೂವತ್ತು ವರ್ಷ ಅವರು ಪೊಲೀಸರ ಪ್ರಯೋಗಾಲಯದಲ್ಲಿ ಕೂದಲು, ನೂಲು, ರಕ್ತದ ಕಲೆ ನೋಡುತ್ತ ಕೂತಿದ್ದವರು. ಪಕ್ಕದ ಮನೆಯ ಕೇದಾರನಾಥರು ನಿವೃತ್ತ ಅಂಚೆ ಗುಮಾಸ್ತರು. ಎಲ್ಲೆಡೆಗೂ ಅವರ ಜೊತೆ ಹೋಗುತ್ತಿದ್ದರು, ಒಳಗೊಳಗೇ ಉರಿಯುತ್ತಿದ್ದರು. ಇವರ ತಲೆ ನಲವತ್ತಕ್ಕೇ ಬಯಲಾಗಿತ್ತು. ತಮ್ಮಯ್ಯನವರಿಗೆ ಎಪ್ಪತ್ತು ದಾಟಿದ ಮೇಲೂ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲು. ಬುದ್ಧಿಯೂ ಅವರಿಗೇ, ಕೂದಲೂ ಅವರಿಗೇ ಎಂದರೆ ಯಾವ ನ್ಯಾಯ?

ತಮ್ಮಯ್ಯನವರು ದೀಪಾಲಿಯನ್ನು ಒಂದೊಂದಾಗಿ ಕೇಳುತ್ತ ಹೋದರು. ಹೆರಿಗೆ ಆಗಿತ್ತೇ? ಇಲ್ಲ. ಹೊಸ ಮಾತ್ರೆ? ಇಲ್ಲ. ಊಟ ಬಿಟ್ಟು ತೆಳ್ಳಗಾಗುವ ಹುಚ್ಚು? ಅದೂ ಇಲ್ಲ. ಜಡೆಯನ್ನು ಬಿಗಿದು ಕಟ್ಟುವವಳೂ ಅಲ್ಲ. ಜ್ವರ? ಜುಲೈ ಕೊನೆಗೆ ಡೆಂಗ್ಯೂ ಆಗಿ ಎಂಟು ದಿನ ದವಾಖಾನೆಯಲ್ಲಿದ್ದಳಂತೆ. "ಅದು ಮುಗದ ಹೋದ ಮಾತು ಕಾಕಾ, ಈಗ ಬರೋಬರ್ ಆಗೇನಿ," ಅಂದಳು. ಹೋಗುವಾಗ ಇನ್ನೊಂದು ಹೇಳಿದಳು: ಎಣ್ಣೆಯಲ್ಲಿ ವಿಷ ಹಾಕಿದವಳು ಆ ಓರಗಿತ್ತಿ ಚಂಪಾಳೇ ಎಂದು ಖಾತ್ರಿಯಾದರೆ ಅವಳನ್ನು ಗದಗಿನ ತವರಿಗೆ ಕಳಿಸುವುದಾಗಿ, ಮತ್ತೆ ಕರೆಯುವುದಿಲ್ಲವೆಂದು ಅತ್ತೆ ಕಾಶಮ್ಮ ಹೇಳಿದ್ದಾರೆ.

ಮಧ್ಯಾಹ್ನ ಗೆಳೆಯರಿಬ್ಬರೂ ದೀಪಾಲಿಯ ಮನೆಗೆ ಹೋದರು. ಟೀಪಾಯಿಯ ಮೇಲೆ ಒಂದು ಹಳೆಯ ಬಿಸ್ಕೀಟು ಡಬ್ಬಿ ಇತ್ತು. ಬೆಳಿಗ್ಗೆ ಕಾಶಮ್ಮ ಚಂಪಾಳ ಟ್ರಂಕು ತಡಕಾಡಿ ತೆಗೆದದ್ದು. ಒಳಗೆ ಒಂಬತ್ತು ಪೊಟ್ಟಣ; ಗೋಡೆಯ ಕ್ಯಾಲೆಂಡರಿನಿಂದ ದಿನಕ್ಕೊಂದು ಹರಿಯುವ ಹಾಳೆಗಳಲ್ಲಿ ಸುತ್ತಿಟ್ಟದ್ದು ದೀಪಾಲಿಯ ಕೂದಲು. ಮಾಟ ಮಾಡಿಸುವುದಕ್ಕಲ್ಲದೆ ಇದು ಮತ್ತೇಕೆ ಎಂದು ಕಾಶಮ್ಮ ಕೇಳಿದರು. ಮೂಲೆಯಲ್ಲಿ ಚಂಪಾ ಶಾಲು ಹೊದ್ದು ಕೂತಿದ್ದಳು. ಎಲ್ಲರೂ ಬೆವರುತ್ತಿದ್ದರೆ ಅವಳು ಫ್ಯಾನು ಸಣ್ಣದು ಮಾಡಿ ಎಂದಳು. ಮುಖ ಊದಿಕೊಂಡಂತಿತ್ತು, ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿತ್ತು.

"ಡಬ್ಬಿ ನಂದ ರೀ," ಅಂದಳು. ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

ಈ ಸಲ ತಾನೇ ಮೊದಲು ಹೇಳಬೇಕೆಂದು ಕೇದಾರನಾಥರಿಗೆ ತಡೆಯಲಾಗಲಿಲ್ಲ. ಚಂಪಾಳ ಗಂಡ ಬುಟಿಬೋರಿಯ ರಾಸಾಯನಿಕ ಕಾರ್ಖಾನೆಯಲ್ಲಿದ್ದಾನೆ, ಕೂದಲು ಕರಗಿಸುವ ಔಷಧಿ ಅಲ್ಲಿಂದಲೇ ಬಂದಿರಬೇಕು ಎಂದು ಗಂಟಲು ಸರಿಮಾಡಿಕೊಂಡು ಹೇಳಿದರು. ಕಾಶಮ್ಮ ಹೌದೆಂದು ತಲೆಯಾಡಿಸಿದರು. ಕೇದಾರನಾಥರಿಗೆ ಒಂದು ಗಳಿಗೆ ಸ್ವರ್ಗ ಮೂರೇ ಗೇಣು.

ತಮ್ಮಯ್ಯನವರು ಪೊಟ್ಟಣ ಬಿಚ್ಚಿ ತಾರೀಖಿನ ಪ್ರಕಾರ ಸಾಲಾಗಿ ಇಟ್ಟರು. ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದರು. ಆಮೇಲೆ ಎರಡೇ ಪ್ರಶ್ನೆ ಕೇಳಿದರು. ಬಾತ್‌ರೂಮು ದಿನಾ ತೊಳೆಯುವವರು ಯಾರು? ಚಂಪಾ. ಹಬ್ಬ ಮುಗಿದ ಮೇಲೆ ಅವಳು ಎಲ್ಲಿದ್ದಳು? ಪಾಡ್ಯದ ಮರುದಿನವೇ ತವರಿಗೆ ಹೋಗಿ ಹತ್ತು ದಿನ ಇದ್ದು ಬಂದಳು.

"ಹಾಗಿದ್ರೆ ಎಲ್ಲರೂ ಕೂತ್ಕೊಳ್ಳಿ," ಎಂದರು. ಕಾಶಮ್ಮ, ಇಬ್ಬರು ಸೊಸೆಯರು, ಕೇದಾರನಾಥರು ಸುತ್ತ ಕೂತರು.

ಔಷಧಿಯಿಂದ ಕರಗಿದ ಕೂದಲು ನಡುವೆ ತುಂಡಾಗುತ್ತದೆ, ಅದಕ್ಕೆ ಬೇರು ಇರುವುದಿಲ್ಲ ಎಂದು ತಮ್ಮಯ್ಯನವರು ವಿವರಿಸಿದರು. ಇಲ್ಲಿ ಪ್ರತಿಯೊಂದು ಎಳೆಯ ತುದಿಯಲ್ಲೂ ಸಾಸಿವೆಗಿಂತ ಸಣ್ಣದೊಂದು ಬಿಳಿ ಗಂಟಿತ್ತು. ಅದು ತಾನಾಗಿ ಬೇರುಸಮೇತ ಕಳಚಿಕೊಂಡ ಕೂದಲಿನ ಗುರುತು. ಹಬ್ಬದ ದಿನ ಒಂದೇ ಬಟ್ಟಲಿನ ಎಣ್ಣೆ ಮನೆಮಂದಿಗೆಲ್ಲ ಹಚ್ಚಿದ್ದು. ಉಳಿದವರ ತಲೆಗೆ ಏನೂ ಆಗಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕ್ಯಾಲೆಂಡರಿನದು. ನರಕ ಚತುರ್ದಶಿ ಬಂದದ್ದು ಅಕ್ಟೋಬರ್ ಇಪ್ಪತ್ತಕ್ಕೆ. ಮೊದಲ ಪೊಟ್ಟಣದ ಹಾಳೆ ಅಕ್ಟೋಬರ್ ಎಂಟರದು, ಕೊನೆಯದು ಹದಿನೆಂಟರದು. ಒಂಬತ್ತೂ ಎಣ್ಣೆಗಿಂತ ಮೊದಲೇ ಉದುರಿದ ಕೂದಲು.

"ಜೋರು ಜ್ವರ ಬಂದ್ರೆ ಕೂದಲು ಆಗಲೇ ಉದುರಲ್ಲಮ್ಮ. ಎರಡು ಮೂರು ತಿಂಗಳು ಬಿಟ್ಟು ಉದುರುತ್ತೆ. ನಿನ್ನದು ಡೆಂಗ್ಯೂ ಕೆಲಸ. ಚಂಪಾ ದಿನಾ ಆಯ್ಕೊಳ್ತಿದ್ಲು, ನಿನಗೆ ಕಾಣಲಿಲ್ಲ. ಅವಳು ಊರಿಗೆ ಹೋದಳು, ಕಾಣ್ತು. ನಡುವೆ ಎಣ್ಣೆ ಸಿಕ್ಕಿಬಿತ್ತು."

ಸಾಮಾನ್ಯವಾಗಿ ಆರೆಂಟು ತಿಂಗಳಲ್ಲಿ ಮತ್ತೆ ಬರುತ್ತದೆ, ಆದರೂ ಡಾಕ್ಟರಿಗೆ ತೋರಿಸಿ ರಕ್ತ ಕಮ್ಮಿ ಇದೆಯೇ ನೋಡಿಸು ಎಂದರು. ಅಷ್ಟು ಕೇಳಿದ ಮೇಲೂ ದೀಪಾಲಿಯ ಸಿಟ್ಟು ಇಳಿಯಲಿಲ್ಲ. ಹಾಗಾದರೆ ಆರಿಸಿ ಇಟ್ಟಿದ್ದು ಯಾಕೆ, ಎಂದು ನೆಗೆಣ್ಣಿಯನ್ನೇ ಕೇಳಿದಳು.

ಚಂಪಾ ನೆಲ ನೋಡುತ್ತಲೇ ಹೇಳಿದಳು. "ಜಡ್ಯಾಗ ಕೂಡಿಸಿ ಹೆಣಿಯೂ ಚೌರಿ ಮಾಡ್ಕೊಳ್ಳಾಕ. ನನ್ನ ಲಗ್ನದಾಗ ನನ್ನ ಜಡೀನೂ ಹಿಂಗ ಇತ್ತು. ಈಗ ಬಂದವರೆಲ್ಲ ನಿನ್ನ ಜಡಿ ನೋಡಿ ಹೊಗಳತಾರ. ಹೊಟ್ಟಿ ಉರೀತಿತ್ತು. ನಿನ್ನ ಕೂದಲ ಉದುರಿದ್ದ ನೋಡಿ ಮೊದಲನೇ ದಿನ ಖುಷೀನ ಆತು. ಆಮ್ಯಾಲ ನನ್ನ ಕಣ್ಣ ತಾಗಿತೇನೋ ಅಂತ ಅಂಜಿಕಿ ಆತು. ತಪ್ಪ ನಂದ ಐತಿ ಅನ್ಕೊಂಡು ಸುಮ್ಮನಿದ್ದೆ."

ಕಾಶಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೊಟ್ಟೆಕಿಚ್ಚಿಗೆ ಕೂದಲು ಉದುರೋ ಹಾಗಿದ್ರೆ ನನ್ನ ತಲೇಲಿ ಒಂದೆಳೆನೂ ಉಳೀತಿರಲಿಲ್ಲ, ಅಲ್ವೇ ಕೇದಾರನಾಥರೇ?" ಎಂದರು ತಮ್ಮಯ್ಯನವರು.

ಕೇದಾರನಾಥರ ಬೋಳುತಲೆ ಕೂಡ ಕೆಂಪಾಯಿತು. ಇಷ್ಟು ವರ್ಷ ಗೊತ್ತಿದ್ದೂ ಈ ಮನುಷ್ಯ ದಿನಾ ಕರೆದು ಚಹಾ ಕುಡಿಸಿದ್ದ. ಹಾಗಾದರೆ ತಮ್ಮ ತಲೆಗೆ ಕಾರಣವೇನೆಂದು ಸಣ್ಣ ದನಿಯಲ್ಲಿ ಕೇಳಿದರು. ಅದು ಮನೆತನದಿಂದ ಬಂದದ್ದು, ಅದಕ್ಕೆ ಪತ್ತೇದಾರಿಕೆ ಬೇಕಿಲ್ಲ ಎಂದರು ತಮ್ಮಯ್ಯನವರು. ಆಮೇಲೆ ಚಂಪಾಳ ಕಡೆ ತಿರುಗಿದರು. ಎಲ್ಲರೂ ಬೆವರುವಾಗ ಅವಳಿಗೆ ಚಳಿ, ಮುಖ ಊದಿದೆ, ಕೂದಲು ತೆಳುವಾಗಿದೆ. ಇಷ್ಟು ದಿನ ಯಾರೂ ಅವಳನ್ನು ಯಾಕೆಂದು ಕೇಳಿಲ್ಲ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದರು. ದೀಪಾಲಿ ನೆಗೆಣ್ಣಿಯ ಬೈತಲೆಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಮರುದಿನ ಅವಳೇ ಚಂಪಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಹೋದಳು. ಥೈರಾಯ್ಡ್ ಕಮ್ಮಿ ಇತ್ತು, ಮಾತ್ರೆ ಶುರುವಾಯಿತು.

ಹದಿನೈದು ದಿನ ಬಿಟ್ಟು ಕೇದಾರನಾಥರು ತಮ್ಮಯ್ಯನವರ ಜೊತೆ ಆ ಮನೆಗೆ ಹೋದಾಗ ದೀಪಾಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಸುರುಳಿ ಸುತ್ತಿ, ಗೋಡೆಯಿಂದ ಹಿಂದಿನ ದಿನದ ಹಾಳೆ ಹರಿದು ಪೊಟ್ಟಣ ಕಟ್ಟಿ, ಚಂಪಾಳ ಕೈಗೆ ಕೊಟ್ಟಳು.

"ದಿನಾ ಕಡಿಮಿ ಆಗಾಕ ಹತ್ತೇತಿ," ಅಂದಳು ಚಂಪಾ ಪೊಟ್ಟಣ ಅದುಮಿ ನೋಡಿ. "ಹಿಂಗಾದರ ನನ್ನ ಚೌರಿ ಮುಗಿಯೂದು ಯಾವಾಗ?"

"ಮುಗಿಯೂದ ಬ್ಯಾಡ ಬಿಡ ಅಕ್ಕಾ. ಅಷ್ಟರಾಗ ನಿಂದ ಬರತೇತಿ," ಎಂದು ದೀಪಾಲಿ ಎಣ್ಣೆಯ ಬಟ್ಟಲು ತೆಗೆದುಕೊಂಡು ನೆಗೆಣ್ಣಿಯ ಹಿಂದೆ ಕೂತಳು.