ನೇರಳೆ ಬಣ್ಣದ ಜಮೀನು

"ಮಾರೋದಿಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ?"

ಗಂಗರತ್ನ ತಲೆಯೆತ್ತದೆಯೇ ಕೂಗಿದಳು. ಬೆಳಗಿನ ಬಿಸಿಲಿನಲ್ಲಿ ಹಳೆಯ ಹೆಂಚಿನ ರಾಶಿಯ ಮುಂದೆ ಕುಳಿತು, ಒಂದೊಂದನ್ನೇ ಬೆರಳಿನಿಂದ ತಟ್ಟಿ, ಗಟ್ಟಿ ದನಿ ಕೊಟ್ಟದ್ದನ್ನು ಬಲಕ್ಕೂ ಬಿರುಕಿನ ದನಿ ಕೊಟ್ಟದ್ದನ್ನು ಎಡಕ್ಕೂ ಇಡುತ್ತಿದ್ದಳು. ಗೇಟಿನ ಹತ್ತಿರ ಸೈಕಲ್ ನಿಂತ ಸದ್ದಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಗೇಟಿಗೆ ಸೈಕಲ್ಲಿನಲ್ಲಿ ಬಂದವರೆಲ್ಲ ಸೈಟಿನ ದಲ್ಲಾಳಿಗಳೇ.

"ನಾನು ಕೊಳ್ಳೋಕೆ ಬಂದಿಲ್ಲಮ್ಮ."

"ಗೊತ್ತು. ಸುಮ್ನೆ ನೋಡ್ಕೊಂಡು ಹೋಗೋಕೆ ಬಂದಿದೀರಿ. ನಿನ್ನೆ ಬಂದೋರೂ ಹೀಗೇ ಅಂದ್ರು."

"ನಿಜವಾಗ್ಲೂ ನೋಡ್ಕೊಂಡು ಹೋಗೋಕೇ ಬಂದಿದೀನಿ. ಅರ್ಜಿ ಕೊಟ್ಟೋರು ನೀವೇ ಅಲ್ವಾ?"

ಅವಳು ತಲೆಯೆತ್ತಿದಳು. ಬಂದವನಿಗೆ ಮೂವತ್ತೈದರ ಆಸುಪಾಸು. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಹೆಗಲಿನಲ್ಲಿ ಖಾಕಿ ಚೀಲ. ಚೀಲದಿಂದ ಸುರುಳಿ ಸುತ್ತಿದ ನಕ್ಷೆಯೊಂದು ಇಣುಕುತ್ತಿತ್ತು. ಬೈಸಿಕೊಂಡವನ ಮುಖದಲ್ಲಿ ಕೋಪವಿರಲಿಲ್ಲ. ನಗು ತಡೆದುಕೊಂಡ ತುಟಿಯ ಅಂಚು ಮಾತ್ರ ಸಣ್ಣಗೆ ಅದುರುತ್ತಿತ್ತು.

"ನಗರ ಯೋಜನಾ ಕಚೇರಿಯವನು. ಕೋದಂಡಪ್ಪ ಅಂತ."

ಗಂಗರತ್ನ ಧಡಕ್ಕನೆ ಎದ್ದಳು. ಮಡಿಲಿನಲ್ಲಿದ್ದ ಹೆಂಚು ಜಾರಿ ಬಿದ್ದು ಎರಡು ಚೂರಾಯಿತು.

"ಅದು ಎಡಗಡೆಗೆ" ಎಂದ ಅವನು.

ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಂದು ಕಿರಿದಾದ ಓಣಿಯಲ್ಲಿ ತಿರುಗಿದರೆ ಗಂಗರತ್ನಳ ಅಪ್ಪ ಸೊಣ್ಣಪ್ಪನವರ ಹೆಂಚಿನ ಕಾರ್ಖಾನೆ. ಸುಮಾರು ಇಪ್ಪತ್ತು ಎಕರೆ. ಭಟ್ಟಿ ಆರಿ ವರ್ಷಗಳಾಗಿದ್ದವು. ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆಯ ನೀರು ನಿಂತು, ಅದರ ಸುತ್ತ ಹೊಂಗೆಯ ಮರಗಳು ತಾವಾಗಿಯೇ ಬೆಳೆದಿದ್ದವು. ಸೊಣ್ಣಪ್ಪನವರು ಕಳೆದ ಕಾರ್ತಿಕದಲ್ಲಿ ದೇವರ ಪಾದ ಸೇರಿದ್ದರು. ಎಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ಜಾಗಕ್ಕೆ ಬೆಲೆ ಏರುತ್ತಿತ್ತು. ಮಾರಿದ್ದರೆ ಮಗಳು ಕಾಲು ಚಾಚಿ ಕೂತು ಉಣ್ಣಬಹುದಿತ್ತು.

ಆದರೆ ಅವಳು ಗಣಿಯ ಆಸ್ಪತ್ರೆಯಲ್ಲಿ ನರ್ಸು. ಭೂಮಿಯ ಹೊಟ್ಟೆಯಲ್ಲಿ ಕಲ್ಲು ಕೊರೆದು, ಧೂಳು ನುಂಗಿ, ಎದೆ ಕಲ್ಲಾದವರನ್ನು ಅವಳು ದಿನವೂ ಕಾಣುತ್ತಿದ್ದಳು. ಚಿಕಿತ್ಸೆ ಮುಗಿಯಿತೆಂದು ಅವರನ್ನು ಮನೆಗೆ ಕಳಿಸುತ್ತಾರೆ. ಮನೆಯೆಂದರೆ ಊರಿಗಾಂ ಲೈನಿನ ಗಣಿ ಕೂಲಿಗಳ ಸಾಲುಮನೆಯಲ್ಲಿ ಒಂದೇ ಕೋಣೆ, ಒಲೆಯ ಹೊಗೆ. ಒಮ್ಮೆ ಇದನ್ನು ಅಪ್ಪನ ಹತ್ತಿರ ಹೇಳಿ ಅತ್ತಿದ್ದಳು. ಕೊನೆಯ ದಿನಗಳಲ್ಲಿ ಅಪ್ಪನೇ ಆ ಮಾತು ಎತ್ತಿದರು. "ಇಲ್ಲಿ ಮರ ಅವೆ, ಗಾಳಿ ಐತೆ. ಆ ಜನಕ್ಕೆ ಉಸಿರಾಡೋಕೆ ಒಂದು ನೆರಳು ಮಾಡಮ್ಮಾ. ದೇವರು ಮೆಚ್ಚುತ್ತಾನೆ."

ಅಪ್ಪ ಹೋದ ಮನೆಯಲ್ಲಿ ದೀಪ ಹಚ್ಚುವಾಗಲೆಲ್ಲ ಆ ಮಾತು ಅವಳ ಕಿವಿಯಲ್ಲಿರುತ್ತಿತ್ತು. ಅದಕ್ಕೇ ಇಲ್ಲಿ ಆ ಗಣಿಯವರಿಗೊಂದು ಆಸ್ಪತ್ರೆ ಕಟ್ಟಲು ಅನುಮತಿ ಕೇಳಿ ಅರ್ಜಿ ಹಾಕಿದ್ದಳು.

ಕೋದಂಡಪ್ಪ ಜಗಲಿಯ ಮೇಲೆ ನಕ್ಷೆ ಬಿಡಿಸಿದ. ಊರೆಲ್ಲ ಬಣ್ಣ ಬಣ್ಣವಾಗಿ ಮಲಗಿತ್ತು.

"ಹಳದಿ ಅಂದ್ರೆ ಮನೆಗಳು. ಹಸಿರು ಬೇಸಾಯ. ನೇರಳೆ ಕೈಗಾರಿಕೆ. ನಿಮ್ಮದು ನೇರಳೆ. ಆಸ್ಪತ್ರೆ ಕಟ್ಟಬೇಕಾದ್ರೆ ಇದು ಕೆಂಪಾಗಬೇಕು."

"ಅಷ್ಟೇ ತಾನೆ? ಕುಂಕುಮ ತರ್ಲಾ?"

ಅವನು ನಕ್ಕ. ನಗುವಾಗ ಕಣ್ಣು ಅರ್ಧ ಮುಚ್ಚುತ್ತಿತ್ತು. ಗಂಗರತ್ನ ಬೇಗ ನಕ್ಷೆಯ ಕಡೆಗೆ ನೋಟ ತಿರುಗಿಸಿದಳು.

"ಅಷ್ಟು ಸುಲಭ ಇಲ್ಲ. ತಮಟೆ ಹೊಡೆಸಿ ಊರಿಗೆ ಹೇಳಬೇಕು. ಯಾರಿಗಾದ್ರೂ ತಕರಾರಿದ್ರೆ ಕೇಳಬೇಕು. ರಸ್ತೆ, ನೀರು, ಅಕ್ಕಪಕ್ಕ ಎಲ್ಲಾ ನಾನು ನೋಡಿ ವರದಿ ಬರೀಬೇಕು. ಆಮೇಲೆ ಸಭೆ."

"ನಮ್ಮ ಜಾಗಕ್ಕೆ ಊರನ್ನ ಯಾಕೆ ಕೇಳ್ಬೇಕು?"

"ಜಾಗ ನಿಮ್ಮದೇ. ಆದ್ರೆ ಅದರ ಹೊಗೆ, ಸದ್ದು, ಜನ ಪಕ್ಕದ ಮನೆಗೂ ಹೋಗ್ತವಲ್ಲ."

ಅವನ ಮಾತು ಸರಿಯೆಂದು ಅವಳಿಗೆ ತಿಳಿಯಿತು. ಅದಕ್ಕೇ ಸಿಟ್ಟು ಬಂತು. ಆ ಸಿಟ್ಟು ಸಂಜೆಯವರೆಗೂ ಹಿತವಾಗಿಯೇ ಇತ್ತು.

ಒಳಗಿನಿಂದ ಅಮ್ಮಾಜಮ್ಮ ಕಾಫಿ ತಂದಳು. ಸೊಣ್ಣಪ್ಪನವರ ಅಕ್ಕ, ಗಂಗರತ್ನಳಿಗೆ ಈಗ ಉಳಿದಿದ್ದ ಹಿರಿಯಳು ಇವಳೊಬ್ಬಳೇ. ಕೋದಂಡಪ್ಪ ಕೈಮುಗಿದ.

"ಬೇಡಮ್ಮ. ಕೆಲಸ ಮುಗಿಯೋವರೆಗೂ ಇಲ್ಲಿ ಏನೂ ತಗೋಬಾರದು."

"ಯಾಕಪ್ಪಾ? ನಮ್ ಮನೆ ಕಾಪಿ ಕುಡಿದ್ರೆ ಜಾತಿ ಕೆಡ್ತದಾ?"

"ಜಾತಿಯಲ್ಲಮ್ಮ, ಫೈಲು ಕೆಡ್ತದೆ."

ಅಮ್ಮಾಜಮ್ಮ ಆ ಕಾಫಿಯನ್ನು ತಾನೇ ಕುಡಿದು, ಅವನು ಹೋದ ಮೇಲೆ ಹೇಳಿದಳು: "ಎಷ್ಟೊಂದು ಗತ್ತು ನೋಡೇ! ಆದ್ರೂ ಆಳು ಚೆನ್ನಾಗವ್ನೆ."

"ನಿಂಗ್ಯಾಕತ್ತೆ?"

"ನಂಗ್ಯಾಕೆ? ನಾನು ನಿಂಗೆ ಯೋಳ್ತಿರೋದು."

ತಮಟೆಯಾಯಿತು. ತಕರಾರು ಬಂದದ್ದು ಒಬ್ಬನಿಂದಲೇ: ಓಣಿಯ ಪಕ್ಕದ ಚಿಕ್ಕಮುನಿಯಪ್ಪ. ಕತ್ತಾಳೆ ಬೇಲಿಯ ಆಚೆಗೆ ಅವನ ಹೊಲ, ಕೊಟ್ಟಿಗೆ, ಸೀಮೆಹಸುಗಳು. ಕೋದಂಡಪ್ಪ ಕೇಳಲು ಬಂದಾಗ ಅವನು ಬೇಲಿಯ ಮೇಲಿನಿಂದಲೇ ಕೂಗಿದ.

"ಕೆಮ್ಮೋರ್ನೆಲ್ಲಾ ತಂದು ಇಲ್ಲಿ ಗುಡ್ಡೆ ಆಕಿದ್ರೆ ನನ್ನ ಆಲು ಯಾವನ್ ತಕ್ಕೋತಾನೆ ಸಾಮೀ? ಕೆಮ್ಮು ಗಾಳೀಲಿ ಬತ್ತದೆ!"

"ಅಣ್ಣಾ, ಇದು ಕಲ್ಲಿನ ಧೂಳು. ಅಂಟೋ ರೋಗ ಅಲ್ಲ" ಎಂದಳು ಗಂಗರತ್ನ.

"ನೀನು ನರ್ಸಮ್ಮ, ನೀನಂಗೇ ಯೋಳ್ತೀಯ."

ಕೋದಂಡಪ್ಪ ಇಬ್ಬರ ಮಾತನ್ನೂ ಬರೆದುಕೊಂಡ. ಬಳಿಕ ಟೇಪು ಹಿಡಿದು ಓಣಿ ಅಳೆದ. ಅಳೆದು, ನೆಟ್ಟ ನೋಟದಿಂದ ಟೇಪನ್ನೇ ನೋಡುತ್ತ ನಿಂತ. ಮರುವಾರ ಬಂದು ಮತ್ತೆ ಅಳೆದ. ಅದರ ಮುಂದಿನ ವಾರ ಮತ್ತೊಮ್ಮೆ.

"ಏನ್ ಸಾರ್, ನಮ್ಮ ಓಣಿ ವಾರವಾರ ಬೆಳೆಯುತ್ತಾ?" ಎಂದಳು ಗಂಗರತ್ನ.

"ಬೆಳೆದ್ರೆ ಚೆನ್ನಾಗಿರ್ತಿತ್ತು."

ಆ ಮಾತಿನಲ್ಲಿ ನಗುವಿರಲಿಲ್ಲ. ಅವನು ಅವಳ ಕಡೆಗೆ ನೋಡಿದ. ನೋಡಿದ್ದು ತನಗೇ ತಿಳಿದು ಟೇಪಿನ ಕಡೆಗೆ ಬಾಗಿದ. ಅವಳ ಕೈಯಲ್ಲಿ ಟೇಪಿನ ಇನ್ನೊಂದು ತುದಿಯಿತ್ತು. ಇಬ್ಬರ ನಡುವೆ ಬಿಗಿಯಾಗಿ ನಿಂತಿದ್ದ ಆ ಪಟ್ಟಿ ಗಾಳಿಯಿಲ್ಲದೆಯೂ ಸಣ್ಣಗೆ ಕಂಪಿಸಿತು.

ಆ ಶನಿವಾರ ಗಂಗರತ್ನ ಬೇತಮಂಗಲದ ಬಸ್ಸು ಹಿಡಿದು ಬಂಗಾರು ತಿರುಪತಿಗೆ ಹೋದಳು. ಅಪ್ಪನ ಮಾತು ನಡೆಯಲಿ ಎಂದು ಬೇಡಿಕೊಂಡಳು. ಇನ್ನೊಂದು ಕೋರಿಕೆಯೂ ನಾಲಿಗೆಯ ತುದಿಗೆ ಬಂತು. ಅಪ್ಪ ಹೋಗಿ ವರ್ಷ ತುಂಬಿಲ್ಲ, ಇಷ್ಟು ಬೇಗ ಮನಸ್ಸು ಹಗುರಾಗಬಹುದೇ ಎಂದು ನಾಚಿ, ಅದನ್ನು ಹೇಳದೆ ಕಣ್ಣು ಮುಚ್ಚಿದಳು. ಹೇಳದ್ದನ್ನೂ ಕೇಳಿಸಿಕೊಳ್ಳುವವನು ಎದುರಿಗೆ ಗರ್ಭಗುಡಿಯಲ್ಲಿ ನಿಂತಿದ್ದ.

ಸಭೆಯ ದಿನ ಬಂಗಾರಪೇಟೆಯ ಯೋಜನಾ ಸಮಿತಿಯ ಸಭಾಂಗಣದಲ್ಲಿ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಅಧ್ಯಕ್ಷರು ವೆಂಕಟೇಶಪ್ಪನವರು, ಹಿರಿಯ ವಕೀಲರು. ಸದಸ್ಯರು ಮೇಜಿನ ಸುತ್ತ. ಬೆಂಚಿನ ಮೇಲೆ ಗಂಗರತ್ನ, ಅಮ್ಮಾಜಮ್ಮ. ಇನ್ನೊಂದು ತುದಿಯಲ್ಲಿ ಚಿಕ್ಕಮುನಿಯಪ್ಪ.

ಕೋದಂಡಪ್ಪ ವರದಿ ಓದಿದ. ರೋಗ ಅಂಟುವುದಿಲ್ಲವೆಂದು ವೈದ್ಯರು ತಿಳಿಸಿದ್ದಾರೆ. ನೀರು ಸಾಕಷ್ಟಿದೆ. ಜಾಗ ಯೋಗ್ಯವಾಗಿದೆ. ಗಂಗರತ್ನಳ ಮುಖ ಅರಳುತ್ತ ಬಂತು.

"ಆದರೆ ಓಣಿಯಲ್ಲಿ ಎದುರುಬದುರು ಎರಡು ಗಾಡಿ ಹೋಗಲಾರವು. ಆಸ್ಪತ್ರೆಗೆ ಬೇಕಾದ ಅಗಲ ಇಲ್ಲ. ಓಣಿ ಅಗಲವಾಗುವವರೆಗೆ ಬದಲಾವಣೆಗೆ ಒಪ್ಪಿಗೆ ಕೊಡಬಾರದೆಂದು ನನ್ನ ಅಭಿಪ್ರಾಯ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಟೇಪಿನ ತುದಿ ಹಿಡಿದು ನಿಂತವಳು ತಾನೇ! ಒಂದು ಮಾತು ಮೊದಲೇ ಹೇಳಬಾರದಿತ್ತೇ?

ವೆಂಕಟೇಶಪ್ಪನವರು ಕನ್ನಡಕ ತೆಗೆದರು. "ಆಯಮ್ಮ ಪುಣ್ಯದ ಕೆಲಸಕ್ಕೆ ಕೇಳ್ತಿದ್ದಾಳೆ. ನಮಗೆಲ್ಲ ಮನಸ್ಸಿದೆ. ಓಣಿ ವಿಷಯ ಸ್ವಲ್ಪ ಸಡಿಲಿಸಬಹುದು ಅಂತ ನೀವೊಂದು ಮಾತು ಹೇಳಿದ್ರೆ ಇವತ್ತೇ ಒಪ್ಪಿ ಕಳಿಸ್ತೀವಿ. ಏನಂತೀರಿ ಕೋದಂಡಪ್ಪನವರೇ?"

ಸಭೆಯೆಲ್ಲ ಅವನ ಕಡೆಗೆ ತಿರುಗಿತು. ಅವಳೂ ನೋಡಿದಳು. ಬಯಸದಿದ್ದರೂ ಕಣ್ಣು ಬೇಡುತ್ತಿತ್ತು.

ಅವನು ಕಾಗದಗಳನ್ನು ಮೇಜಿನ ಮೇಲಿಟ್ಟ.

"ಆ ಮಾತು ಹೇಳೋಕೆ ನಾನು ತಕ್ಕವನಲ್ಲ ಸಾರ್. ಈ ಓಣಿಯನ್ನ ನಾನು ಮೂರು ಸಲ ಅಳೆದೆ. ಮೂರು ಸಲವೂ ಟೇಪು ಒಂದಿಷ್ಟು ಮುಂದಕ್ಕೆ ಸರಿಯಲಿ ಅಂತ ದೇವರನ್ನ ಬೇಡಿಕೊಂಡೆ. ಅಳೆಯೋನಿಗೆ ಅಂಥ ಆಸೆ ಇರಬಾರದು. ಆಸೆಗೆ ಹೆದರಿ ಜಾಸ್ತಿ ಬಿಗಿಯಾಗಿ ಬರೆದೆನೋ ಅಂತ ಈಗ ಅನುಮಾನ. ಈ ಕೆಲಸ ಬೇರೆಯವರಿಗೆ ಕೊಡಿ."

"ಅಂಥ ಆಸೆ ಯಾಕೆ ಬಂತಪ್ಪ?"

ಕೋದಂಡಪ್ಪನ ಕಿವಿ ಕೆಂಪಾಯಿತು.

"ಅರ್ಜಿದಾರರನ್ನ ಮದುವೆ ಆಗಬೇಕು ಅಂತ ಇದೆ ಸಾರ್. ಅವರನ್ನ ಇನ್ನೂ ಕೇಳಿಲ್ಲ."

ಸದಸ್ಯರೆಲ್ಲ ಬೆಂಚಿನ ಮೇಲಿದ್ದ ಗಂಗರತ್ನಳ ಕಡೆಗೆ ಹೊರಳಿದರು. ಬಳಿಕ ಬೆಂಚಿನ ತುದಿಯಿಂದ ಚಿಕ್ಕಮುನಿಯಪ್ಪನ ಗಂಟಲು: "ಅದುಕ್ಕೇನಾ! ಓಣಿ ಅಳೆಯೋಕೆ ಇಷ್ಟು ಸಲ ಯಾಕ್ ಬತ್ತಾನೆ ಇವ್ನು ಅಂತ ನಾನು ನಮ್ಮೋಳ್ಗೆ ಆವತ್ತೇ ಅಂದೆ!"

ಸಭೆ ನಗೆಯಲ್ಲಿ ಮುಳುಗಿತು. ಗಂಗರತ್ನ ಎದ್ದು ಹೊರಗೆ ಹೋದಳು.

ಅವನು ಹೊರಗೆ ಬಂದಾಗ ಅವಳು ಹುಣಸೆಮರದ ಕೆಳಗೆ ಸೆರಗು ಬಿಗಿದು ನಿಂತಿದ್ದಳು.

"ವಿಷಯ ಮುಂದಿನ ಸಭೆಗೆ ಹೋಯಿತು" ಎಂದ. "ಕೋಲಾರದಿಂದ ಬೇರೆಯವರು ಬಂದು ನೋಡ್ತಾರೆ."

"ಊರೆದುರಿಗೆ ನನ್ನ ಹರಾಜು ಹಾಕಿದ್ರಲ್ಲ, ನನ್ನನ್ನ ಮೊದಲೇ ಕೇಳೋಕೆ ನಿಮಗೇನಾಗಿತ್ತು?"

"ನಿಮ್ಮ ಫೈಲು ನನ್ನ ಕೈಲಿತ್ತು."

"ಇದ್ರೆ?"

"ಆಗ ಕೇಳಿದ್ರೆ, ಬೇಡ ಅನ್ನೋಕೆ ನೀವು ಹೆದರ್ತಿದ್ರಿ. ಬೇಡ ಅಂದ್ರೆ ಇವನು ಏನು ಬರೀತಾನೋ ಅಂತ. ಈಗ ನನ್ನ ಕೈಲಿ ಏನೂ ಇಲ್ಲ. ಧೈರ್ಯವಾಗಿ ಬೈದು ಕಳಿಸಬಹುದು."

ಬೈಯಲು ಬಾಯಿ ತೆರೆದವಳು ಬಿಗಿದ ಸೆರಗನ್ನು ಸಡಿಲಿಸಿದಳು. ಇಷ್ಟು ದಿನ ಅವಳ ಮನೆಗೆ ಬಂದವರೆಲ್ಲ ಏನನ್ನೋ ತೆಗೆದುಕೊಳ್ಳಲು ಬಂದವರು. ಇವನು ಮೊದಲು ತನ್ನ ಕೈ ಬರಿದು ಮಾಡಿಕೊಂಡು ಬಂದಿದ್ದ. ಎದೆಯಲ್ಲಿ ತಿಂಗಳುಗಳಿಂದ ಹೆಪ್ಪುಗಟ್ಟಿದ್ದ, ಅಪ್ಪನನ್ನು ಕಳೆದುಕೊಂಡ ದುಃಖ ಮೆಲ್ಲಗೆ ಕರಗಿತು.

"ಓಣಿಗೆ ಏನು ಮಾಡೋದು?" ಎಂದಳು. ದನಿ ಬೇರೆಯಾಗಿತ್ತು.

"ಚಿಕ್ಕಮುನಿಯಪ್ಪನವರ ಬೇಲಿ ಹಿಂದಕ್ಕೆ ಹೋಗಬೇಕು. ಅಧಿಕಾರಿಯಾಗಿ ನಾನು ಅದನ್ನ ಕೇಳೋ ಹಾಗಿರಲಿಲ್ಲ. ಇವತ್ತಿಂದ ಕೇಳಬಹುದು. ಅಂದ್ರೆ, ನೀವು ಜೊತೆಗೆ ಕರ್ಕೊಂಡು ಹೋದ್ರೆ."

"ಸೈಕಲ್ ತಳ್ಕೊಂಡು ಬನ್ನಿ" ಎಂದು ಅವಳು ಮುಂದೆ ನಡೆದಳು. ಅಮ್ಮಾಜಮ್ಮ ತಾನು ಬಸ್ಸಿನಲ್ಲಿ ಬರುವೆನೆಂದು ಬೇಕೆಂದೇ ಹಿಂದೆ ಉಳಿದಳು.

ಅವರು ತಲುಪಿದಾಗ ಹಾಲು ಕರೆಯುವ ಹೊತ್ತು. ಚಿಕ್ಕಮುನಿಯಪ್ಪನ ಹೆಂಡತಿ ಮುನಿಶಾಮಮ್ಮ ಹಸುವಿನ ಕೆಳಗಿನಿಂದ ಕತ್ತು ಹೊರಳಿಸಿ ನೋಡಿದಳು. ಬಸ್ಸಿನಲ್ಲಿ ಮೊದಲೇ ಬಂದಿದ್ದ ಗಂಡನಿಂದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

"ಏನಮ್ಮಾ ರತ್ನಾ, ಆಪೀಸರ್ರು ಇವತ್ತೂ ಅಳೆಯೋಕ್ ಬಂದ್ರಾ?"

"ಇವರು ಆಫೀಸರ್ ಅಲ್ಲಕ್ಕ."

"ಮತ್ತಿನ್ಯಾರು?"

ಗಂಗರತ್ನ ಅವನ ಕಡೆಗೆ ನೋಡಿದಳು. ಅವನು ಹುಲ್ಲಿನ ಬಣವೆಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ. ಉಸಿರು ಬಿಗಿಹಿಡಿದಿದ್ದನೆಂದು ಅವನ ಬೆನ್ನೇ ಹೇಳುತ್ತಿತ್ತು.

"ನಮ್ಮನೆಯವರು ಆಗೋರು" ಎಂದಳು.

ಅವನು ತಿರುಗಿದ. ಆ ಅರ್ಧ ಮುಚ್ಚಿದ ಕಣ್ಣುಗಳಲ್ಲಿ ಈ ಸಲ ನಗುವಿನ ಜೊತೆಗೆ ನೀರೂ ಇತ್ತು. ಅವಳು ನೋಟ ತಪ್ಪಿಸಲಿಲ್ಲ.

"ಕೂತ್ಕೊಳ್ರಪ್ಪಾ" ಎಂದು ಒಳಗಿನಿಂದ ಬಂದ ಚಿಕ್ಕಮುನಿಯಪ್ಪ, ಬಂದ ಕೆಲಸ ಕೇಳುತ್ತಲೇ ಮುಖ ಗಂಟು ಹಾಕಿದ. "ಮದ್ವೆ ಬೇರೆ, ಬೇಲಿ ಬೇರೆ. ಕೆಮ್ಮು ಬಂದ್ರೆ ನನ್ನ ಅಸುಗಳ್ಗೇನು ಗತಿ?"

ಮುನಿಶಾಮಮ್ಮ ಹಾಲಿನ ಬಕೆಟ್ಟು ದೊಪ್ಪನೆ ಕೆಳಗಿಟ್ಟಳು.

"ಸುಮ್ಕಿರಿ! ನಮ್ಮಣ್ಣ ಊರಿಗಾಂ ಲೈನ್ನಾಗೆ ಕೆಮ್ಮಿ ಕೆಮ್ಮಿ ಓದ. ಅವನು ಕುಡಿದ ಲೋಟ ತೊಳೆದೋಳು ನಾನು, ಅವನ ತಲೆ ತೊಡೆ ಮ್ಯಾಲ್ ಇಟ್ಕೊಂಡು ಕೂತೋಳು ನಾನು. ನಂಗೇನಾತು? ಇವತ್ಗೂ ನಿಮ್ಮ ಅಸು ಕರೀತಾ ಇಲ್ವಾ? ಅವನ್ಗೊಂದು ಇಂಥಾ ನೆರಳು ಇದ್ದಿದ್ರೆ ಇನ್ನೆಲ್ಡು ದಿನ ಇರ್ತಿದ್ನೋ ಏನೋ."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳು ಮತ್ತೆ ಹಸುವಿನ ಕಡೆಗೆ ತಿರುಗಿದಳು.

ಚಿಕ್ಕಮುನಿಯಪ್ಪ ಹೆಂಡತಿಯ ಬೆನ್ನನ್ನೊಮ್ಮೆ ನೋಡಿದ. ಬಳಿಕ ಟವೆಲು ಹೆಗಲಿಗೆ ಹಾಕಿಕೊಂಡು ಬೇಲಿಯ ಕಡೆಗೆ ನಡೆದ. ಇವರಿಬ್ಬರೂ ಹಿಂದೆ ಹೋದರು. ಇಳಿಬಿಸಿಲಿನಲ್ಲಿ ಕತ್ತಾಳೆಯ ಸಾಲು ಹೊಲದೊಳಕ್ಕೆ ಉದ್ದ ನೆರಳು ಚಾಚಿತ್ತು. ಆ ನೆರಳು ಮುಗಿಯುವಲ್ಲಿಗೆ ಹೋಗಿ, ಒಂದು ಕಲ್ಲನ್ನು ಎತ್ತಿ ತಂದು, ಊರಿ ನಿಲ್ಲಿಸಿದ.

"ಇಲ್ಲೀಗಂಟ ತಕ್ಕೋ. ಕಾಗ್ದ ಮಾಡಿ ಕೊಡ್ತೀನಿ. ಕೋಲಾರದೋನು ಬಂದು ನೋಡ್ಲಿ."

"ಅಣ್ಣಾ..." ಗಂಗರತ್ನ ತುಂಬಿದ ಕಣ್ಣಿನಿಂದ ಕೈಮುಗಿದಳು.

"ಅಳ್ಬ್ಯಾಡ ಕಣಮ್ಮಾ. ಮದ್ವೆಗೂ, ಆಮೇಲೆ ನಿಮ್ಮಾಸ್ಪತ್ರೆಗೂ ಆಲು ಮಾತ್ರ ನಮ್ಮನೇದೇ. ಬ್ಯಾರೆ ಕಡೆ ತಂದ್ಯೋ, ಈ ಕಲ್ಲು ಇದ್ದಲ್ಲಿಗೇ ವಾಪಸ್ ಬತ್ತದೆ ನೋಡು!"

"ಆಗಲಿ ಅಣ್ಣಾ" ಎಂದರು ಇಬ್ಬರೂ ಒಟ್ಟಿಗೆ.